ಕಾಗದವಿಲ್ಲದೆ ದುಡಿಯಲು ಬಂದವರು: ಕೆಲಸ ಕೊಡುವವರು, ಪಂಚಾಯಿತಿ, ಜಿಲ್ಲಾಡಳಿತ ಮಾಡಬೇಕಾದ್ದೇನು

‘ಅವರ ಹತ್ತಿರ ಏನೂ ಕಾಗದ ಇಲ್ಲರೀ’ ಎಂಬ ಮಾತು ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಪ್ರತಿ ಹಂಗಾಮಿಗೂ ಕೇಳಿಬರುತ್ತದೆ. ಮಹಾರಾಷ್ಟ್ರದ ಬೀಡ ಕಡೆಯಿಂದ ಬಂದ ಕಬ್ಬು ಕಡಿಯುವ ಟೋಳಿ (ತಂಡ), ಉದ್ಯಮಬಾಗದ ಫೌಂಡ್ರಿಗೆ ಬಂದ ಬಿಹಾರ, ಒಡಿಶಾದ ಹುಡುಗರು, ಇಳಕಲ್ಲಿನ ಗ್ರಾನೈಟ್ ಕೆಲಸಗಾರರು, ತಿಕೋಟಾದ ದ್ರಾಕ್ಷಿಪಡಕ್ಕೆ ಚಾಟ್ನಿಗೆ, ಅಂದರೆ ಬಳ್ಳಿ ಸವರಲು ಬಂದವರು, ರಾತ್ರಿ ಸೀಟಿ ಊದುವ ನೇಪಾಳದ ಗೂರ್ಖಾ, ಎಲ್ಲರಿಗೂ ಇದೇ ಒಂದು ಮಾತು. ಕೆಲಸ ಕೊಡುವವರ ಮೊದಲ ತಪ್ಪು ಇಲ್ಲೇ ಶುರುವಾಗುತ್ತದೆ. ಇವರಲ್ಲಿ ಒಂದೊಂದು ಗುಂಪಿಗೆ ಒಂದೊಂದು ಕಾನೂನು, ಒಂದೊಂದು ಕೊರತೆ. ಇನ್ನೊಂದು ವಿಷಯ: ಬಹುಪಾಲು ಮಂದಿಯ ಬಳಿ ಗುರುತಿನ ಕಾಗದ ಇದ್ದೇ ಇರುತ್ತದೆ. ಇಲ್ಲದಿರುವುದು ಅವರನ್ನು ಕೆಲಸಕ್ಕೆ ಕರೆತಂದವರು ಬರೆಯಬೇಕಾಗಿದ್ದ ಕಾಗದ.

ಮೊದಲು ಬೇರೆ ಬೇರೆ ಮಾಡಿ ನೋಡಿ

ಭಾರತದ ಬೇರೆ ರಾಜ್ಯದಿಂದ, ಬೇರೆ ಜಿಲ್ಲೆಯಿಂದ ಬಂದವರು ಯಾರ ಅಪ್ಪಣೆಯನ್ನೂ ಪಡೆಯಬೇಕಿಲ್ಲ. ಸಂವಿಧಾನದ 19ನೇ ವಿಧಿ ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ, ದುಡಿಯುವ ಹಕ್ಕು ಕೊಟ್ಟಿದೆ. ಇವರಿಗೆ ಆಧಾರ್ ಇರುತ್ತದೆ. ಆದರೆ ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಬಂದಾಗಿರುತ್ತದೆ, ಹೆಸರು ಬ್ಯಾಂಕಿನಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ ಇರುತ್ತದೆ, ಇಲ್ಲವೇ ಮೂಲ ಕಾರ್ಡೇ ಟೋಳಿ ಕಟ್ಟಿ ತರುವ ಮುಕದ್ದಮನ ಪೆಟ್ಟಿಗೆ ಸೇರಿರುತ್ತದೆ. ನಮ್ಮ ಇಂಡಿ, ಸಿಂದಗಿ, ತಾಳಿಕೋಟೆ ತಾಂಡಾಗಳಿಂದ ಗೋವಾ, ಪುಣೆ, ಮಂಗಳೂರಿಗೆ ಗುಳೆ ಹೋದವರ ಪಾಡೂ ಅಲ್ಲಿ ಇಷ್ಟೇ.

ನೇಪಾಳದವರ ವಿಷಯ ಬೇರೆ. 1950ರ ಭಾರತ–ನೇಪಾಳ ಒಪ್ಪಂದದ 7ನೇ ಕಲಮಿನ ಪ್ರಕಾರ ಅವರು ಇಲ್ಲಿ ವೀಸಾ ಇಲ್ಲದೆ ಇರಬಹುದು, ದುಡಿಯಬಹುದು. ಅವರಿಂದ ನೋಡಬೇಕಾದ್ದು ಆಧಾರ್ ಅಲ್ಲ, ನೇಪಾಳದ ನಾಗರಿಕತೆ ಪತ್ರ, ಪಾಸ್‌ಪೋರ್ಟ್ ಅಥವಾ ಅಲ್ಲಿನ ಚುನಾವಣಾ ಆಯೋಗದ ಗುರುತಿನ ಚೀಟಿ. ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವ ಟಿಬೆಟನ್ನರ ಬಳಿ ನೋಂದಣಿ ಪ್ರಮಾಣಪತ್ರ ಇರುತ್ತದೆ.

ಉಳಿದದ್ದು ವೀಸಾ ಇಲ್ಲದೆ ಬಂದ, ಇಲ್ಲವೇ ವೀಸಾ ಮುಗಿದರೂ ಉಳಿದ ವಿದೇಶಿಯರು. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದವರಿಗೆ 5 ವರ್ಷದವರೆಗೆ ಸೆರೆ ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇವೆ. ಉದ್ಯೋಗ ವೀಸಾಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 16.25 ಲಕ್ಷ ರೂಪಾಯಿ ಸಂಬಳ ಬೇಕು. ಅಂದರೆ ಇಟ್ಟಿಗೆ ಭಟ್ಟಿ, ಗೌಂಡಿ ಕೆಲಸ, ಹೋಟೆಲ್ ಕೆಲಸಕ್ಕೆ ಉದ್ಯೋಗ ವೀಸಾ ಸಿಗುವ ದಾರಿಯೇ ಇಲ್ಲ. ‘ವೀಸಾ ಮಾಡಿಸಿಕೊಡುತ್ತೇನೆ’ ಎನ್ನುವ ಏಜೆಂಟನ ಮಾತಿಗೆ ಮರುಳಾಗಬೇಡಿ.

ಯಾಕೆ ಬರುತ್ತಾರೆ

ಕೂಲಿ ಹೆಚ್ಚು ಸಿಗುತ್ತದೆ ಎಂದು ಬರುತ್ತಾರೆ ಅನ್ನುವುದು ಅರ್ಧ ಸತ್ಯ. ಮರಾಠವಾಡದ ಒಣಬೇಸಾಯದಲ್ಲಿ ಮುಂಗಾರು ಬೆಳೆ ಮನೆಗೆ ಬಂದ ಮೇಲೆ ಕೈಗೆ ಕೆಲಸ ಇರುವುದಿಲ್ಲ, ಅದು ನಿಜ. ಆದರೆ ಬೀಡದಿಂದ ಒಂದು ಕುಟುಂಬವನ್ನು ಹೊರಡಿಸುವುದು ದಿನಗೂಲಿಯಲ್ಲ, ದಸರೆಗೆ ಮೊದಲೇ ಇಡಿಯಾಗಿ ಕೈಗೆ ಬೀಳುವ ಮುಂಗಡ. ಅವರು ಅದಕ್ಕೆ ಉಚಲ ಎನ್ನುತ್ತಾರೆ. ಮಗಳ ಮದುವೆ, ದವಾಖಾನೆ ಖರ್ಚು, ಬೋರ್‌ವೆಲ್ ಸಾಲಕ್ಕೆಲ್ಲ ಒಟ್ಟು ಹಣ ಬೇಕು. ಅದನ್ನು ಬ್ಯಾಂಕು ಕೊಡುವುದಿಲ್ಲ, ಉದ್ಯೋಗ ಖಾತ್ರಿಯೂ ಕೊಡುವುದಿಲ್ಲ. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ಕರ್ನಾಟಕದಲ್ಲಿ 370, ಮಹಾರಾಷ್ಟ್ರದಲ್ಲಿ 312 ರೂಪಾಯಿ. ಅದು ಕೆಲಸ ಮಾಡಿದ ಮೇಲೆ, ಖಾತೆಗೆ ಬಂದಾಗ ಬರುವ ಹಣ.

ಆ ಮುಂಗಡದ ಲೆಕ್ಕ ಒಮ್ಮೆ ಹಾಕಿ ನೋಡಿ, ಉಳಿದದ್ದೆಲ್ಲ ತಾನೇ ಬಿಡಿಸಿಕೊಳ್ಳುತ್ತದೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ, ಲೆಕ್ಕದಲ್ಲಿ ಮಾತ್ರ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಒಂದು ಕೊಯ್ತಾಕ್ಕೆ 50 ಸಾವಿರದಿಂದ ಲಕ್ಷದವರೆಗೂ ಮುಂಗಡ ನಡೆಯುತ್ತದೆ. 80 ಸಾವಿರ ಎಂದಿಟ್ಟುಕೊಳ್ಳಿ. ಮಹಾರಾಷ್ಟ್ರದಲ್ಲಿ 2024ರ ಜನವರಿಯಲ್ಲಿ ಶೇ. 34 ಏರಿಸಿದ ಮೇಲೆ ಕಟಾವಿನ ದರ ಟನ್ನಿಗೆ 366 ರೂಪಾಯಿ ಆಯಿತು. ಈ ದರದಲ್ಲಿ 80 ಸಾವಿರ ತೀರಬೇಕಾದರೆ ಸುಮಾರು 219 ಟನ್ ಕಡಿಯಬೇಕು. ಒಂದು ಜೋಡಿ ದಿನಕ್ಕೆ ಒಂದೂವರೆಯಿಂದ ಎರಡು ಟನ್ ಕಡಿದು, ಹೊರೆ ಕಟ್ಟಿ, ಹೇರುತ್ತದೆ. ಎರಡು ಟನ್ನಿನಂತೆ 109 ದಿನ, ಒಂದೂವರೆಯಂತೆ 146 ದಿನ. ನಮ್ಮಲ್ಲಿ ಕಾರ್ಖಾನೆಗಳ ಹಂಗಾಮು ನಾಲ್ಕು ತಿಂಗಳು ಹಿಡಿಯುವುದೇ ಈಗ ಕಷ್ಟ. ನಡುವೆ ಮಳೆ ಬಂದ ದಿನ, ಕಾರ್ಖಾನೆ ನಿಂತ ದಿನ, ಟ್ರೇಲರ್ ಬಾರದ ದಿನ ಕೆಲಸವಿಲ್ಲ. ವಾರದ ಸಂತೆಗೆ ಖರ್ಚಿನ ಹಣ ಬೇರೆ ಎತ್ತಿರುತ್ತಾರೆ. ಹಾಗಾಗಿ ಹಂಗಾಮು ಮುಗಿದು ಊರಿಗೆ ಹೊರಟಾಗ ಬಾಕಿ ಉಳಿದೇ ಇರುತ್ತದೆ, ಬರುವ ವರ್ಷ ಅದೇ ಮುಕದ್ದಮನ ಹಿಂದೆ ಬರಬೇಕಾಗುತ್ತದೆ. ಜೋಡಿ ಸೋಮಾರಿಯಾದ್ದರಿಂದ ಬಾಕಿ ಉಳಿಯಲಿಲ್ಲ, ಲೆಕ್ಕವೇ ಹಾಗಿದೆ.

ಒಬ್ಬರು ಒಂದು ದಿನ ತಪ್ಪಿದರೆ ಜೋಡಿಗೆ ದಂಡ ಬೀಳುತ್ತದೆ, ಮರಾಠಿಯಲ್ಲಿ ಖಾಡಾ. ಮುಟ್ಟಿನ ನೋವಿಗೂ, ಬಸುರಿಗೂ ಇದರಲ್ಲಿ ರಿಯಾಯಿತಿ ಇಲ್ಲ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿ ಬೀಡ ಜಿಲ್ಲೆಯ 82,309 ಕಬ್ಬು ಕಡಿಯುವ ಹೆಣ್ಣುಮಕ್ಕಳನ್ನು ಸಮೀಕ್ಷೆ ಮಾಡಿದಾಗ 13,861 ಮಂದಿಗೆ ಗರ್ಭಕೋಶ ತೆಗೆಸಿದ್ದು ಕಂಡುಬಂತು. ದಂಡದ ಪದ್ಧತಿಯನ್ನು ನಿಮ್ಮ ಟೋಳಿಯಲ್ಲಿ ಮೊದಲು ನಿಲ್ಲಿಸಿ. ಉಳಿದ ಸುಧಾರಣೆಗಳಿಗೆ ಖರ್ಚಾಗುತ್ತದೆ, ಇದಕ್ಕೆ ಬಿಡಿಗಾಸೂ ಆಗುವುದಿಲ್ಲ.

ಕಾಗದ ಎಲ್ಲಿ ಕಳೆದುಹೋಗುತ್ತದೆ

ಕಾರ್ಖಾನೆ ಟ್ರ್ಯಾಕ್ಟರ್ ಮಾಲೀಕನ ಜೊತೆ ಕಟಾವು ಮತ್ತು ಸಾಗಾಣಿಕೆಯ ಕರಾರು ಮಾಡಿಕೊಳ್ಳುತ್ತದೆ. ಅದು ಬಾಂಡ್ ಪೇಪರಿನ ಮೇಲೆ, ಜಾಮೀನಿನ ಸಮೇತ ಇರುತ್ತದೆ. ಟ್ರ್ಯಾಕ್ಟರ್ ಮಾಲೀಕ ಮುಕದ್ದಮನಿಗೆ ಹಣ ಕೊಡುತ್ತಾನೆ, ಅಲ್ಲೊಂದು ಅರೆಬರೆ ಕಾಗದ. ಮುಕದ್ದಮ ಕೊಯ್ತಾಗಳಿಗೆ ಹಂಚುತ್ತಾನೆ, ಅಲ್ಲಿ ಖಾಲಿ ಹಾಳೆಯ ಮೇಲೊಂದು ಹೆಬ್ಬೆಟ್ಟು. ಹೆಂಡತಿಯ ಹೆಸರಂತೂ ಯಾವ ಹಾಳೆಯಲ್ಲೂ ಇಲ್ಲ. ಕಟಾವಿನ ಖರ್ಚು ಕೊನೆಗೆ ಹೋಗುವುದು ರೈತನ ಬಿಲ್ಲಿನಿಂದ.

ಏನಾದರೂ ಕೆಟ್ಟಾಗ ಕಾರ್ಖಾನೆ ‘ಅವರು ನಮ್ಮ ಕೆಲಸಗಾರರಲ್ಲ’ ಎನ್ನುತ್ತದೆ, ರೈತ ‘ನಾನು ಕರೆದಿಲ್ಲ’ ಎನ್ನುತ್ತಾನೆ, ಮುಕದ್ದಮನ ಫೋನ್ ಸ್ವಿಚ್ ಆಫ್ ಆಗಿರುತ್ತದೆ. ಮುಕದ್ದಮ ಮುಂಗಡ ಎತ್ತಿಕೊಂಡು ಟೋಳಿ ತರದೆ ಪರಾರಿಯಾದರೆ ಮುಳುಗುವವನು ಟ್ರ್ಯಾಕ್ಟರ್ ಮಾಲೀಕ. ಯಾರಿಗೆ ಎಷ್ಟು ಮುಟ್ಟಿತು ಎಂಬ ದಾಖಲೆ ಅವನ ಬಳಿ ಇರುವುದಿಲ್ಲವಾದ್ದರಿಂದ ಠಾಣೆಯಲ್ಲೂ ಅವನ ಮಾತು ನಿಲ್ಲುವುದಿಲ್ಲ. ಹಾಳೆ ಬರೆಯದಿದ್ದರೆ ಕೂಲಿಕಾರನಿಗಷ್ಟೇ ಅಲ್ಲ, ಮಾಲೀಕನಿಗೂ ಪೆಟ್ಟು.

ಹಂಗಾಮಿಗೆ ಮುಂಚೆ: ಜುಲೈನಿಂದ ಸೆಪ್ಟೆಂಬರ್

ಮುಂಗಡ ಹಂಚುವ ತಿಂಗಳಲ್ಲೇ ಕಾಗದ ಆಗಬೇಕು. ಟೋಳಿ ಹೊಲಕ್ಕೆ ಬಂದ ಮೇಲೆ ಬರೆಯಲು ಕುಳಿತರೆ ಯಾರೂ ನಿಜ ಹೇಳುವುದಿಲ್ಲ.

1. ಒಂದು ರಿಜಿಸ್ಟರ್ ತೆರೆದು ಒಬ್ಬರಿಗೆ ಒಂದು ಸಾಲು ಕೊಡಿ, ಜೋಡಿಗೆ ಒಂದು ಸಾಲಲ್ಲ. ಹೆಸರು, ವಯಸ್ಸು, ಊರು, ತಾಲೂಕು, ಜಿಲ್ಲೆ, ಊರಲ್ಲಿರುವ ಒಬ್ಬ ಸಂಬಂಧಿಯ ಫೋನ್, ಬ್ಯಾಂಕ್ ಖಾತೆ, ಜೊತೆಗೆ ಬರುವ ಮಕ್ಕಳ ವಯಸ್ಸು ಬರೆಯಿರಿ.

2. ಮುಂಗಡವನ್ನು ಮುಕದ್ದಮನ ಕೈಗೆ ಇಡಿಯಾಗಿ ಕೊಡಬೇಡಿ. ಅವನ ಕಮಿಷನ್ ಅವನಿಗೆ, ಕೊಯ್ತಾದ ಹಣ ಗಂಡ ಹೆಂಡತಿ ಇಬ್ಬರ ಖಾತೆಗೂ ಅರ್ಧರ್ಧ. ಹಣ ಯಾರಿಗೆ ಮುಟ್ಟಿತು ಎಂಬುದಕ್ಕೆ ಬ್ಯಾಂಕಿನ ದಾಖಲೆಯೇ ಸಾಕ್ಷಿ.

3. ಟನ್ನಿನ ದರ, ಹೇರುವ ದರ, ಮುಂಗಡ, ಹದಿನೈದು ದಿನಕ್ಕೊಮ್ಮೆ ಎಷ್ಟು ಮುರಿದುಕೊಳ್ಳುತ್ತೀರಿ, ಬರುವ ಹೋಗುವ ಖರ್ಚು ಯಾರದು, ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಬೀಡದವರಿಗೆ ಮರಾಠಿಯಲ್ಲಿ, ನಮ್ಮ ತಾಂಡಾದವರಿಗೆ ಕನ್ನಡದಲ್ಲಿ. ಓದಲು ಬಾರದವರಿಗೆ ಓದಿ ಹೇಳಿ. ಸಹಿಯಾದ ಹಾಳೆಯ ಫೋಟೊ ಅವರ ಫೋನಿಗೆ ಅಲ್ಲೇ ಕಳಿಸಿ.

4. ಖಾಲಿ ಬಾಂಡ್, ಖಾಲಿ ಚೆಕ್, ಮೂಲ ಆಧಾರ್, ಎಟಿಎಂ ಕಾರ್ಡ್ ಯಾವುದನ್ನೂ ಒತ್ತೆ ಇಟ್ಟುಕೊಳ್ಳಬೇಡಿ, ಮುಕದ್ದಮನೂ ಇಟ್ಟುಕೊಳ್ಳದಂತೆ ನೋಡಿ.

ಕೊನೆಯದನ್ನು ಹಗುರವಾಗಿ ತೆಗೆದುಕೊಂಡವರು ಸಿಕ್ಕಿಬಿದ್ದಿದ್ದಾರೆ. ಮುಂಗಡದ ಹೆಸರಲ್ಲಿ ಜನರನ್ನು ಹೊರಗೆ ಹೋಗಲು ಬಿಡದಿದ್ದರೆ, ಬೇರೆಡೆ ದುಡಿಯಲು ಬಿಡದಿದ್ದರೆ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು 1976ರ ಕಾಯ್ದೆಯ ಪ್ರಕಾರ ಜೀತ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. 2025ರ ಜನವರಿಯಲ್ಲಿ ವಿಜಯಪುರದ ಇಟ್ಟಿಗೆ ಭಟ್ಟಿಯೊಂದರಲ್ಲಿ ಸಂಕ್ರಾಂತಿಗೆ ಊರಿಗೆ ಹೋಗಿ ಬಂದ ಕೂಲಿಕಾರರನ್ನು ಮುಂಗಡದ ವಿಷಯಕ್ಕೆ ಕಟ್ಟಿಹಾಕಿ ಹೊಡೆದದ್ದು ಇಡೀ ರಾಜ್ಯಕ್ಕೆ ಗೊತ್ತಾಯಿತು. ಮುಂಗಡ ವಸೂಲಿಗೆ ದಾರಿ ಸಿವಿಲ್ ದಾವೆ ಮಾತ್ರ, ಕೈ ಮಾಡುವುದಲ್ಲ.

ಮುಂಗಡ ಎಷ್ಟಿರಬೇಕು? ದಿನಕ್ಕೆ ಒಂದೂವರೆ ಟನ್, 366ರ ದರ ಹಿಡಿದರೆ 60 ದಿನದ ದುಡಿಮೆ 32,940 ರೂಪಾಯಿ. ಮೊದಲ ಕಂತು ಇದರೊಳಗೇ ಇರಲಿ, ಉಳಿದದ್ದನ್ನು ನವೆಂಬರ್ ನಂತರ ತಿಂಗಳಿಗೊಮ್ಮೆ ಕೊಡಿ. ಪಕ್ಕದ ಕಾರ್ಖಾನೆಯವರು ಲಕ್ಷ ಕೊಡುವಾಗ ಒಬ್ಬ ಟ್ರ್ಯಾಕ್ಟರ್ ಮಾಲೀಕನಿಂದ ಇದು ಆಗದ ಮಾತು, ಒಪ್ಪುತ್ತೇವೆ. ಅದಕ್ಕೇ ಕಾರ್ಖಾನೆಗಳು ಜಿಲ್ಲಾ ಮಟ್ಟದಲ್ಲಿ ಸೇರಿ ಮಿತಿ ಹಾಕಿಕೊಳ್ಳಬೇಕು. ಕೂಲಿಯ ಕಾನೂನಾದ ವೇತನ ಸಂಹಿತೆಯಲ್ಲಿ ಎಲ್ಲ ಕಡಿತ ಸೇರಿ ಕೂಲಿಯ ಅರ್ಧವನ್ನು ದಾಟುವಂತಿಲ್ಲ. ಮುಂಗಡ ಮುರಿದುಕೊಳ್ಳುವಾಗ ಈ ಗೆರೆ ನೆನಪಿರಲಿ.

ಬಂದ ಮೊದಲ ವಾರ

ಕೂಲಿಕಾರರನ್ನು ಟ್ರೇಲರಿನಲ್ಲಿ ತುಂಬಿ 300 ಕಿಲೊಮೀಟರ್ ತರುವುದು ಎಲ್ಲರೂ ಮಾಡುವ, ಯಾರೂ ಮಾಡಬಾರದ ಕೆಲಸ. ಟ್ರ್ಯಾಕ್ಟರಿನ ವಿಮೆ ಕೃಷಿ ಬಳಕೆಗೆ, ಟ್ರೇಲರಿನಲ್ಲಿ ಕುಳಿತವರಿಗೆ ಅದು ಅನ್ವಯಿಸುವುದಿಲ್ಲ ಎಂದು ವಿಮಾ ಕಂಪನಿಗಳು ವಾದಿಸುತ್ತವೆ. ಅಪಘಾತವಾದರೆ ಪರಿಹಾರ ಟ್ರ್ಯಾಕ್ಟರ್ ಮಾಲೀಕನ ಹೊಲ ಮನೆಯ ಮೇಲೆ ಬೀಳುತ್ತದೆ. ಸಾಮಾನಿಗೆ ಟ್ರೇಲರ್, ಜನಕ್ಕೆ ಬಸ್ಸು.

20 ಕೊಯ್ತಾ ಟೋಳಿ ಎಂದರೆ ಮಕ್ಕಳು ಮರಿ ಸೇರಿ 60 ಜನ. ತಲೆಗೆ ದಿನಕ್ಕೆ 15 ಲೀಟರ್ ನೀರು ಬದುಕಲು ಬೇಕಾದ ಕನಿಷ್ಠ. ಕಬ್ಬಿನ ಸುಣೆ, ಧೂಳು ತೊಳೆದುಕೊಳ್ಳುವವರಿಗೆ 40 ಲೀಟರಾದರೂ ಬೇಕು, ಅಂದರೆ ದಿನಕ್ಕೆ 2,400 ಲೀಟರ್. 3,000 ಲೀಟರಿನ ಒಂದು ಸಿಂಟೆಕ್ಸ್ ಇಟ್ಟು ದಿನಾ ತುಂಬಿಸಿ. ಕಾಲುವೆ ನೀರು ಕುಡಿಯಲು ಬೇಡ. ಗ್ರಾಮ ಪಂಚಾಯಿತಿಯ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸಿ. 20 ಜನಕ್ಕೊಂದರಂತೆ ಮೂರು ಶೌಚಾಲಯ, ಅದರಲ್ಲಿ ಎರಡು ಹೆಂಗಸರಿಗೆ, ಒಳಗೆ ಚಿಲಕ, ಹೊರಗೆ ದೀಪ. ಬಾಗಿಲಿಗೆ ಗೋಣಿತಟ್ಟು ಕಟ್ಟಿದರೆ ಅಲ್ಲಿಗೆ ಯಾರೂ ಹೋಗುವುದಿಲ್ಲ, ಮತ್ತೆ ಕಬ್ಬಿನೊಳಗೇ ಹೋಗುತ್ತಾರೆ, ಹಾವು ಕಚ್ಚುವುದು ಅಲ್ಲೇ.

ಗುಡಿಸಲುಗಳ ನಡುವೆ ಎರಡು ಮೀಟರಿಗೆ ಕಡಿಮೆ ಇರದಂತೆ ಜಾಗ ಬಿಡಿಸಿ. ಗುಡಿಸಲಿಗೂ ಒಣ ರವದಿಗೂ (ಕಬ್ಬಿನ ಒಣ ಎಲೆ) ಒಲೆಗೂ ಒಂದೇ ಕಿಡಿಯ ನಂಟು, ರವದಿಯ ರಾಶಿ ದೂರವಿರಲಿ. 5 ಕಿಲೊದ ಸಣ್ಣ ಸಿಲಿಂಡರ್ ಯಾವುದಾದರೂ ಒಂದು ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ, ವಿಳಾಸದ ದಾಖಲೆ ಬೇಡ.

ಮಕ್ಕಳ ವಿಷಯದಲ್ಲಿ ‘ಟಿಸಿ ಇಲ್ಲ, ಸೇರಿಸಿಕೊಳ್ಳುವುದಿಲ್ಲ’ ಎನ್ನುವ ಮಾತು ಕಾನೂನಿಗೆ ವಿರುದ್ಧ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ವಯಸ್ಸಿನ ದಾಖಲೆ ಇಲ್ಲವೆಂದು ತಿರುಗಿ ಕಳಿಸುವಂತಿಲ್ಲ. ನಿಪ್ಪಾಣಿ, ಚಿಕ್ಕೋಡಿ, ಅಥಣಿ ಕಡೆ ಮರಾಠಿ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಬೀಡದ ಮಗು ಅಲ್ಲಿ ಕುಳಿತರೆ ಹಂಗಾಮಿನಷ್ಟು ದಿನದ ಪಾಠ ತಪ್ಪುವುದಿಲ್ಲ. ಹೊಲ ಶಾಲೆಯಿಂದ ದೂರವಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಟೆಂಟ್ ಶಾಲೆಗಾಗಿ ಬರೆದುಕೊಡಿ, ಮಕ್ಕಳ ಪಟ್ಟಿಯನ್ನು ಲಗತ್ತಿಸಿ. ಪಟ್ಟಿ ಇಲ್ಲದ ಅರ್ಜಿ ಟೇಬಲ್ಲಿನಿಂದ ಏಳುವುದಿಲ್ಲ. ಬಸುರಿ, ಬಾಣಂತಿ, ಆರು ವರ್ಷದೊಳಗಿನ ಮಕ್ಕಳ ಹೆಸರನ್ನು ಹತ್ತಿರದ ಅಂಗನವಾಡಿ ಕಾರ್ಯಕರ್ತೆಗೂ ಆಶಾ ಕಾರ್ಯಕರ್ತೆಗೂ ಕೊಡಿ.

ಕೊರತೆ ಇರುವ ಕಾಗದ ಸರಿಪಡಿಸುವುದು

ಎಲ್ಲದರ ಕೀಲಿ ಆಧಾರಿಗೆ ಜೋಡಿಸಿದ ಮೊಬೈಲ್ ನಂಬರ್. ಅದನ್ನು ಬದಲಿಸಲು ಯಾವ ದಾಖಲೆಯೂ ಬೇಡ, ಆ ವ್ಯಕ್ತಿ ಬಂದು ಬೆರಳಿಟ್ಟರೆ ಸಾಕು, ಶುಲ್ಕ 75 ರೂಪಾಯಿ. ಟೋಳಿಯನ್ನು ಆಧಾರ್ ಕೇಂದ್ರಕ್ಕೆ ಕರೆದೊಯ್ದರೆ ಒಂದು ದಿನದ ಕಟಾವು ಹಾಳು. ಅದರ ಬದಲು ಅಂಚೆ ಕಚೇರಿಗೆ ಹೇಳಿದರೆ ಪೋಸ್ಟ್‌ಮನ್ ಹೊಲಕ್ಕೇ ಬಂದು ಮಾಡಿಕೊಡುವ ವ್ಯವಸ್ಥೆ ಇದೆ, ಹಾಗೆಯೇ ಅಂಚೆ ಬ್ಯಾಂಕಿನ ಖಾತೆಯನ್ನೂ ತೆರೆಯಬಹುದು. ವರ್ಷಗಟ್ಟಲೆ ಕೊಯ್ತಾ ಹಿಡಿದವರ ಬೆರಳ ಗೆರೆ ಸವೆದಿರುತ್ತದೆ. ಯಂತ್ರ ಒಪ್ಪದಿದ್ದರೆ ಬೇರೆ ಬೆರಳು ಇಡಿಸಿ, ಕಣ್ಣಿನ ಸ್ಕ್ಯಾನ್ ಕೇಳಿ.

ಅದಾದ ಮೇಲೆ ಇ-ಶ್ರಮ್ ನೋಂದಣಿ. 2021ರ ಆಗಸ್ಟ್ 26ರಂದು ಶುರುವಾದ ಇದರಲ್ಲಿ 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರಿಗೆ 12 ಅಂಕಿಯ ನಂಬರ್ ಸಿಗುತ್ತದೆ, ಸಹಾಯವಾಣಿ 14434. ನಂಬರೊಂದೇ ಹೊಟ್ಟೆ ತುಂಬಿಸುವುದಿಲ್ಲ, ಆದರೆ ಈ ಮನುಷ್ಯ ಈ ಕೆಲಸದಲ್ಲಿದ್ದ ಎಂಬುದಕ್ಕೆ ಸರ್ಕಾರದ ಕಡತದಲ್ಲಿ ಒಂದು ಸಾಲು ಆಗುತ್ತದೆ. ಅದೇ ದಿನ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ 2 ಲಕ್ಷ. 40 ಜನಕ್ಕೆ 800 ರೂಪಾಯಿ. ಇದನ್ನು ಮಾಲೀಕರೇ ಕಟ್ಟಲಿ.

ರೇಷನ್: ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ ಬೀಡದ ಕಾರ್ಡಿನವರು ಮುಧೋಳದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ತಲೆಗೆ 5 ಕಿಲೊದ ಕೇಂದ್ರದ ಧಾನ್ಯ ಎತ್ತಬಹುದು. ಕಾರ್ಡ್ ಕೈಯಲ್ಲಿರಬೇಕಿಲ್ಲ, ನಂಬರ್ ಸಾಕು. ಇಡೀ ಪಾಲು ಒಂದೇ ಕಡೆ ಎತ್ತಬೇಕೆಂದೇನೂ ಇಲ್ಲ. ಇಲ್ಲಿ ಇಬ್ಬರ ಪಾಲು ಎತ್ತಿದರೆ ಊರಲ್ಲಿರುವ ಅಜ್ಜಿಯ ಪಾಲು ಅಲ್ಲೇ ಉಳಿಯುತ್ತದೆ. ಕರ್ನಾಟಕ ತನ್ನ ಕಾರ್ಡುದಾರರಿಗೆ ಕೊಡುವ ಹೆಚ್ಚುವರಿ ಮಾತ್ರ ಹೊರರಾಜ್ಯದವರಿಗಿಲ್ಲ. ಅಂಗಡಿಯವರು ‘ಸ್ಟಾಕ್ ಇಲ್ಲ’ ಎನ್ನುವುದುಂಟು, ಅವರ ಎತ್ತುವಳಿ ಸ್ಥಳೀಯ ಕಾರ್ಡುಗಳ ಲೆಕ್ಕದ ಮೇಲೆ ನಿಂತಿರುವುದೇ ಕಾರಣ. ಹಂಗಾಮಿಗೆ ಮುಂಚೆ ಆಹಾರ ಶಿರಸ್ತೇದಾರರಿಗೆ ಟೋಳಿಯ ಸಂಖ್ಯೆ ತಿಳಿಸಿದರೆ ಈ ಜಗಳ ಅರ್ಧ ಕಡಿಮೆಯಾಗುತ್ತದೆ. ದೂರಿಗೆ 14445.

ಫೌಂಡ್ರಿ, ಕಾರ್ಖಾನೆಯವರಿಗೆ ಇಷ್ಟು ಕಷ್ಟವಿಲ್ಲ. 10 ಜನರಿದ್ದರೆ, ಪಗಾರ 21,000ದೊಳಗಿದ್ದರೆ ಇಎಸ್‌ಐ, 20 ಜನರಿದ್ದರೆ ಪಿಎಫ್. ಗುತ್ತಿಗೆದಾರನ ಮೂಲಕ ಬಂದ ಹುಡುಗನಾದರೂ ಮೊದಲ ದಿನವೇ ಅವನ ಇಎಸ್‌ಐ ನಂಬರ್ ಮಾಡಿಸಿ. ‘ಮೂರು ತಿಂಗಳು ನೋಡಿ ಹಾಕೋಣ’ ಎಂದು ಬಿಟ್ಟವರಿಗೆ ಕರಗಿದ ಲೋಹ ಕಾಲ ಮೇಲೆ ಬಿದ್ದ ದಿನ ಖಾಸಗಿ ಆಸ್ಪತ್ರೆಯ ಪೂರ್ತಿ ಬಿಲ್ಲು ಸ್ವಂತದ್ದೇ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ನೇಮಕಾತಿ ಪತ್ರ ಕೊಡುವುದು ಕಡ್ಡಾಯವಾಗಿದೆ. 1979ರ ಹಳೇ ಕಾಯ್ದೆ ಗುತ್ತಿಗೆದಾರ ಕರೆತಂದವರನ್ನು ಮಾತ್ರ ಅಂತರರಾಜ್ಯ ವಲಸೆ ಕಾರ್ಮಿಕ ಎಂದು ಎಣಿಸುತ್ತಿತ್ತು. ಈಗ ತಾನಾಗಿಯೇ ರೈಲು ಹತ್ತಿ ಬಂದವನೂ ಆ ಲೆಕ್ಕಕ್ಕೆ ಸೇರುತ್ತಾನೆ. ಇಂಥ 10 ಜನರಿರುವ ಸಂಸ್ಥೆ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಭತ್ಯೆಯನ್ನೂ ಕೊಡಬೇಕು.

ವಾರದ ಚೀಟಿ

ಕಾರ್ಖಾನೆಯ ತೂಕದ ಚೀಟಿ ಟ್ರ್ಯಾಕ್ಟರ್ ಚಾಲಕನ ಜೇಬಿನಲ್ಲಿ ಉಳಿದುಬಿಡುತ್ತದೆ. ಕಡಿದವರಿಗೆ ತೂಕ ಗೊತ್ತಾಗುವುದು ಮುಕದ್ದಮ ಹೇಳಿದಾಗ, ಅವನು ಹೇಳಿದಷ್ಟೇ. ಪ್ರತಿ ಟ್ರಿಪ್ಪಿನ ಚೀಟಿಯ ಫೋಟೊ ಟೋಳಿಯ ವಾಟ್ಸ್ಆ್ಯಪ್ ಗುಂಪಿಗೆ ಬೀಳಬೇಕು ಎಂಬ ನಿಯಮ ಮಾಡಿ. ವಾರಕ್ಕೊಮ್ಮೆ ಟನ್ನು, ದರ, ಖರ್ಚಿಗೆ ಎತ್ತಿದ್ದು, ಮುಂಗಡದಲ್ಲಿ ಮುರಿದದ್ದು, ಉಳಿದ ಬಾಕಿ ಎಂಬ ಐದೇ ಅಂಕಿಗಳ ಒಂದು ಚೀಟಿ ಕೊಡಿ. ಆ ವಾರದ ದುಡಿಮೆಯನ್ನು ತಲೆಗೆ, ದಿನಕ್ಕೆ ಭಾಗಿಸಿ ಕಾರ್ಮಿಕ ಇಲಾಖೆಯ ಕನಿಷ್ಠ ಕೂಲಿಯ ಪಕ್ಕ ಇಟ್ಟು ನೋಡಿ. ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಹೋದ ವರ್ಷದ ಪಟ್ಟಿ ನೋಡಬೇಡಿ. ಕಬ್ಬು ಅಡ್ಡಬಿದ್ದ ಹೊಲದಲ್ಲಿ ಒಂದು ಜೋಡಿ ಒಂದು ಟನ್ ಕಡಿಯುವುದೂ ದುಸ್ತರ. ಅಂಥ ಕಡೆ ಟನ್ನಿನ ದರ ಬಿಟ್ಟು ದಿನಗೂಲಿ ಕೊಡಿ. ರೈತರಿಂದ ಲಗಾಣಿ (ದರದ ಮೇಲೆ ಕೇಳುವ ಹೆಚ್ಚುವರಿ ಹಣ) ಕೀಳುವ ಜಗಳ ಹೆಚ್ಚಾಗಿ ಹುಟ್ಟುವುದು ಇಂಥ ಹೊಲದಲ್ಲೇ. ಟೋಳಿಯನ್ನು ಬೈಯುವ ಮೊದಲು ಕಾರ್ಖಾನೆಯ ಫೀಲ್ಡ್‌ಮನ್‌ನನ್ನು ಹೊಲಕ್ಕೆ ಕರೆಸಿ, ಬಿದ್ದ ಕಬ್ಬಿಗೆ ಬೇರೆ ದರ ಬರೆಸಿಕೊಳ್ಳಿ.

ಅಪಘಾತವಾದರೆ

108ಕ್ಕೆ ಫೋನ್ ಮಾಡಿ. ಹಾವು ಕಚ್ಚಿದ್ದರೆ ಕಟ್ಟುವುದು, ಕೊಯ್ಯುವುದು ಬೇಡ, ತಾಲೂಕು ಆಸ್ಪತ್ರೆಗೆ ನೇರ ಒಯ್ಯಿರಿ. ಕೊಯ್ತಾ ಬಡಿದ ಗಾಯಕ್ಕೆ ಧನುರ್ವಾಯುವಿನ ಚುಚ್ಚುಮದ್ದು ಅದೇ ದಿನ ಬೇಕು.

ಪರಿಹಾರದ ಲೆಕ್ಕ ಅನೇಕ ಮಾಲೀಕರಿಗೆ ಗೊತ್ತಿಲ್ಲ, ಗೊತ್ತಾದಾಗ ತಡವಾಗಿರುತ್ತದೆ. ಕೆಲಸದಲ್ಲಿ ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ಕೂಲಿಯ ಮಿತಿ 15,000. 30 ವರ್ಷದವರ ಗುಣಕ 207.98. ಆಗ ಪರಿಹಾರ 7,500 × 207.98, ಅಂದರೆ 15,59,850 ರೂಪಾಯಿ. ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ಅದರ ಮೇಲೆ ಶೇ. 50ರವರೆಗೆ ದಂಡ. ಗುತ್ತಿಗೆದಾರ ಕೊಡದಿದ್ದರೆ ಮುಖ್ಯ ಮಾಲೀಕ ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು. ಊರಿಗೆ ಹೆಣ ಕಳಿಸಿ, ಕೈಗೆ ಐವತ್ತು ಸಾವಿರ ಇಟ್ಟು ‘ರಾಜಿ’ ಬರೆಸಿಕೊಂಡ ಹಾಳೆ ಇದರ ಮುಂದೆ ನಿಲ್ಲುವುದಿಲ್ಲ. ಸಾಮಾನ್ಯ ವಿಮಾ ಕಂಪನಿಗಳಲ್ಲಿ ಕಾರ್ಮಿಕ ಪರಿಹಾರದ ಪಾಲಿಸಿ ಸಿಗುತ್ತದೆ. ಹಂಗಾಮಿನ ಮಟ್ಟಿಗೆ ತೆಗೆದುಕೊಳ್ಳಿ, ಅದರಲ್ಲಿ ಹೆಂಗಸರ ತಲೆ ಎಣಿಸಲು ಮರೆಯಬೇಡಿ.

2023ರ ಡಿಸೆಂಬರ್‌ನಲ್ಲಿ ವಿಜಯಪುರದ ಆಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ಮೂಟೆಗಳು ಕುಸಿದು ಬಿಹಾರದ 7 ಮಂದಿ ಸತ್ತರು. ಅಂಥ ದಿನ ಅವಶೇಷದಡಿ ಎಷ್ಟು ಜನ ಇದ್ದಾರೆ, ಯಾರ ಮನೆಗೆ ಫೋನ್ ಮಾಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹಾಜರಿ ಪುಸ್ತಕದಲ್ಲೇ ಇರಬೇಕು. ರಿಜಿಸ್ಟರಿನಲ್ಲಿ ಸಂಬಂಧಿಯ ಫೋನ್ ಬರೆಯಿರಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ವಿದೇಶಿ ಎಂಬ ಅನುಮಾನ ಬಂದಾಗ

ಬಂಗಾಳಿ ಮಾತಾಡುವವರೆಲ್ಲ ಬಾಂಗ್ಲಾದೇಶಿಗಳಲ್ಲ. ಮುರ್ಷಿದಾಬಾದ್, ಮಾಲ್ದಾ ಜಿಲ್ಲೆಗಳಿಂದ ಗೌಂಡಿ ಕೆಲಸಕ್ಕೆ ದೇಶದ ತುಂಬ ಜನ ಹೋಗುತ್ತಾರೆ, ಅಸ್ಸಾಮಿನಿಂದಲೂ ಬರುತ್ತಾರೆ. ಆಧಾರ್ ಗುರುತಿಗೆ ಪುರಾವೆ, ಪೌರತ್ವಕ್ಕಲ್ಲ. ಹಾಗೆಂದು ಆಧಾರ್ ಇದ್ದವರನ್ನು ವಿದೇಶಿ ಎನ್ನಲೂ ಮಾಲೀಕರಿಗೆ ಅಧಿಕಾರವಿಲ್ಲ. ನೀವು ಮಾಡಬೇಕಾದ್ದು ಮೂರೇ. ಕಾರ್ಡಿನ ಕ್ಯೂಆರ್ ಕೋಡನ್ನು ಆಧಾರ್ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ, ಫೋಟೊ, ಹೆಸರು ತಾಳೆ ನೋಡುವುದು. ಮತದಾರರ ಚೀಟಿ, ಊರಿನ ಪಂಚಾಯಿತಿ ಹೆಸರು, ಮನೆಯವರ ಫೋನ್ ಬರೆದುಕೊಳ್ಳುವುದು. ಎಲ್ಲರ ಪಟ್ಟಿಯನ್ನೂ ಠಾಣೆಗೆ ಒಂದೇ ರೀತಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದು. ಒಂದು ಧರ್ಮದವರ, ಒಂದು ಭಾಷೆಯವರ ಪಟ್ಟಿ ಮಾತ್ರ ಕೊಡುವುದು ತಪ್ಪು, ನಾಳೆ ನಿಮ್ಮ ಮೇಲೇ ಪ್ರಶ್ನೆ ಬರುತ್ತದೆ.

2025ರ ಮೇ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯ ಅನುಮಾನಿತರ ದಾಖಲೆಯನ್ನು 30 ದಿನದಲ್ಲಿ ಪರಿಶೀಲಿಸಲು ರಾಜ್ಯಗಳಿಗೆ ಹೇಳಿತು. ಆ ಪರಿಶೀಲನೆ ನಡೆಯುವುದು ತವರು ಜಿಲ್ಲೆಯ ಆಡಳಿತದ ಮೂಲಕ. ಆಗ ನಿಮ್ಮ ರಿಜಿಸ್ಟರಿನ ವಿವರ ಇದ್ದರೆ ಅಮಾಯಕ ಬೇಗ ಹೊರಬರುತ್ತಾನೆ. ಪರಿಶೀಲನೆಯಲ್ಲಿ ನಿಜಕ್ಕೂ ವಿದೇಶಿ ಎಂದಾದರೂ ದುಡಿದ ದಿನದ ಕೂಲಿ ಕೊಡಲೇಬೇಕು. ಬಲವಂತದ ದುಡಿಮೆ ಮಾಡಿಸಬಾರದು ಎನ್ನುವ 23ನೇ ವಿಧಿ ನಾಗರಿಕರಿಗೆ ಮಾತ್ರ ಮೀಸಲಲ್ಲ. ಪೊಲೀಸರಿಗೆ ಹೇಳುತ್ತೇನೆಂದು ಹೆದರಿಸಿ ಕಡಿಮೆ ಕೂಲಿಗೆ ದುಡಿಸುವವನೇ ಇಡೀ ಮಾರುಕಟ್ಟೆಯ ಕೂಲಿಯನ್ನು ಕೆಳಗೆಳೆಯುತ್ತಾನೆ. ಸ್ಥಳೀಯರಿಗೆ ಕೆಲಸ ಸಿಗದಿರುವುದಕ್ಕೆ ಬಂದವನಿಗಿಂತ ಇವನು ಹೆಚ್ಚು ಹೊಣೆ.

ಜಿಲ್ಲೆ, ರಾಜ್ಯ ಮಾಡಬೇಕಾದ್ದು

ಅಮೆರಿಕ ಈ ದಾರಿಯಲ್ಲಿ ನಮಗಿಂತ ಮೊದಲೇ ನಡೆದು ನೋಡಿದೆ. 1986ರಲ್ಲಿ ಅಲ್ಲಿ ದಾಖಲೆ ಇಲ್ಲದವರಿಗೆ ತಿಳಿದೂ ಕೆಲಸ ಕೊಡುವುದು ಅಪರಾಧವಾಯಿತು, ಅದೇ ಕಾಯ್ದೆಯಡಿ ಸುಮಾರು 27 ಲಕ್ಷ ಜನರಿಗೆ ಕಾಯಂ ವಾಸದ ಹಕ್ಕೂ ಸಿಕ್ಕಿತು. ತೋಟದ ಮಾಲೀಕರು ಗುತ್ತಿಗೆದಾರರನ್ನು ನಡುವೆ ತಂದು ನುಣುಚಿಕೊಂಡರು, ನಕಲಿ ಕಾರ್ಡುಗಳು ಹುಟ್ಟಿದವು. 1990ರ ದಶಕದಲ್ಲಿ ಗಡಿ ಬಿಗಿಯಾದಾಗ ಸುಗ್ಗಿಗೆ ಬಂದು ಹೋಗುತ್ತಿದ್ದ ಮೆಕ್ಸಿಕೊದವರು ಮತ್ತೆ ದಾಟುವುದು ಕಷ್ಟವೆಂದು ಅಲ್ಲೇ ಉಳಿದರು. ಕೃಷಿಗೆಂದೇ ಕೊಡುವ ಎಚ್-2ಎ ವೀಸಾದಲ್ಲಿ ಮಾಲೀಕ ಪುಕ್ಕಟೆ ವಸತಿ ಕೊಡಬೇಕು, ಪ್ರಯಾಣದ ಖರ್ಚು ಹೊರಬೇಕು, ಇದು ನಾವು ಕಲಿಯಬೇಕಾದ್ದು. ಆದರೆ ಆ ವೀಸಾ ಒಬ್ಬನೇ ಮಾಲೀಕನಿಗೆ ಕಟ್ಟಿದ್ದು. ಕೆಟ್ಟ ಮಾಲೀಕನನ್ನು ಬಿಟ್ಟವನಿಗೆ ಬೇಗ ಇನ್ನೊಬ್ಬ ಮಾಲೀಕ ಸಿಗದಿದ್ದರೆ ದೇಶ ಬಿಡಬೇಕು. ನಮ್ಮ ಉಚಲ ಮಾಡುವ ಕೆಲಸವನ್ನೇ ಅಲ್ಲಿ ವೀಸಾ ಮಾಡುತ್ತದೆ.

ಹಾಗಾಗಿ ನಮ್ಮ ಜಿಲ್ಲಾಧಿಕಾರಿಗಳು ಬಂದವರ ಕಾಗದ ತಪಾಸಣೆಗೆ ಹೊರಡುವ ಮೊದಲು ಕಾರ್ಖಾನೆಗಳ ಕಾಗದ ಕೇಳಬೇಕು. ಕಬ್ಬು ನುರಿಸುವ ಮುಂಚಿನ ಸಭೆಯಲ್ಲಿ ಚರ್ಚೆಯೆಲ್ಲ ಕಬ್ಬಿನ ದರದ ಸುತ್ತಲೇ ಸುತ್ತುತ್ತದೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನ ಕಬ್ಬು ಬೆಳೆಗಾರರ ಹೋರಾಟದಲ್ಲೂ ದರದ ಲೆಕ್ಕ ನಿಂತದ್ದು ಕಟಾವು, ಸಾಗಾಣಿಕೆ ಹೊರತುಪಡಿಸಿ ಎಷ್ಟು ಎಂಬುದರ ಮೇಲೆ. ಆ ಹೊರತುಪಡಿಸಿದ ಹಣದಲ್ಲಿ ಕಡಿದವರಿಗೆ ಎಷ್ಟು ಮುಟ್ಟಿತು ಎಂದು ರೈತನಿಗೂ ಗೊತ್ತಿಲ್ಲ. ಪ್ರತಿ ಕಾರ್ಖಾನೆ ಟನ್ನಿಗೆ ಕಟಾವು ದರ, ಮುಕದ್ದಮನ ಕಮಿಷನ್, ಸಾಗಾಣಿಕೆ ದರ ಮೂರನ್ನೂ ಬೇರೆ ಬೇರೆಯಾಗಿ ಗೇಟಿನ ಬೋರ್ಡಿನಲ್ಲಿ ದಸರೆಗೆ ಮೊದಲು ಬರೆಯಲಿ. ಟೋಳಿಗಳ ಪಟ್ಟಿ ಅಕ್ಟೋಬರ್ ಒಳಗೆ ಕಾರ್ಮಿಕ ಅಧಿಕಾರಿಗೆ ಹೋಗಲಿ, ಅದರ ಪ್ರತಿ ಬೀಡ, ಧಾರಾಶಿವ ಜಿಲ್ಲಾಡಳಿತಕ್ಕೂ ಹೋಗಲಿ.

ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೆ ಮಹಾರಾಷ್ಟ್ರದಲ್ಲಿ ಮಾದರಿ ಇದೆ. ಅಲ್ಲಿ ಕಬ್ಬು ಕಡಿಯುವವರ ಕಲ್ಯಾಣ ಮಂಡಳಿಗೆ ಕಾರ್ಖಾನೆಗಳಿಂದ ಟನ್ನಿಗೆ 10 ರೂಪಾಯಿ ಪಡೆಯುವ ಏರ್ಪಾಡು ಮಾಡಿದ್ದಾರೆ. ನಮ್ಮಲ್ಲಿ 10 ಲಕ್ಷ ಟನ್ ನುರಿಸುವ ಒಂದು ಕಾರ್ಖಾನೆಯಿಂದಲೇ ಅದು ವರ್ಷಕ್ಕೆ 1 ಕೋಟಿ. ಟೆಂಟ್ ಶಾಲೆ, ನೀರು, ಶೌಚಾಲಯ, ವಿಮೆಗೆ ಇದು ಸಾಲದ ಹಣವೇನಲ್ಲ. ಈ ಸೆಸ್ ರೈತನ ಬಿಲ್ಲಿನಿಂದ ಮುರಿಯಬಾರದು ಎಂಬ ಸಾಲು ಆದೇಶದಲ್ಲೇ ಇರಬೇಕು. ಇಲ್ಲದಿದ್ದರೆ ಕಾರ್ಖಾನೆಗಳು ಅದನ್ನು ಅಲ್ಲಿಗೇ ದಾಟಿಸುತ್ತವೆ.

ಹಂಗಾಮು ಮುಗಿದಾಗ

ಕೊನೆಯ ಹೊಲ ಮುಗಿಯುವ ಹತ್ತು ದಿನ ಮುಂಚೆ ಲೆಕ್ಕಕ್ಕೆ ಕುಳಿತುಕೊಳ್ಳಿ. ಹೊರಡುವ ದಿನ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿಟ್ಟು ಮಾಡುವ ಲೆಕ್ಕದಲ್ಲಿ ಜಗಳ ಖಚಿತ. ವಾರದ ಚೀಟಿಗಳನ್ನೆಲ್ಲ ಎದುರಿಗಿಟ್ಟು ಟನ್ನು ಕೂಡಿಸಿ, ಹೆಂಡತಿಯನ್ನೂ ಕೂರಿಸಿಕೊಂಡು ಓದಿ ಹೇಳಿ. ಕೊಡಬೇಕಾದ್ದು ಉಳಿದಿದ್ದರೆ ಎರಡು ಕೆಲಸದ ದಿನಗಳೊಳಗೆ ಖಾತೆಗೆ ಹಾಕಿ, ವೇತನ ಸಂಹಿತೆಯ ಗಡುವು ಅದೇ. ಮುಂಗಡದಲ್ಲಿ ಬಾಕಿ ಉಳಿದಿದ್ದರೆ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಬಡ್ಡಿ ಇಲ್ಲ ಎಂದು ಸೇರಿಸಿ, ಒಂದು ಪ್ರತಿ ಅವರಿಗೆ ಕೊಡಿ. ಆ ಬಾಕಿಯನ್ನು ಇನ್ನೊಬ್ಬ ಮುಕದ್ದಮನಿಗೆ ‘ಮಾರುವುದು’ ಕೆಲವು ಕಡೆ ರೂಢಿ. ಮಾರಾಟವಾಗುವುದು ಸಾಲವಲ್ಲ, ಮನುಷ್ಯರೇ ಎಂದು ಜೀತದ ಪ್ರಕರಣಗಳಲ್ಲಿ ಅಧಿಕಾರಿಗಳು ಇದನ್ನು ಬಲವಾದ ಸಾಕ್ಷಿಯಾಗಿ ಹಿಡಿಯುತ್ತಾರೆ. ಬರುವ ವರ್ಷ ಬರುವುದೂ ಬಿಡುವುದೂ ಅವರ ಇಷ್ಟ ಎಂಬ ಸಾಲನ್ನು ಹಾಳೆಯ ಕೊನೆಗೆ ಬರೆದು, ಮುಕದ್ದಮನ ಸಹಿಯನ್ನು ಅದರ ಕೆಳಗೆ ಹಾಕಿಸಿ.